ಆಚೆ ದಂಡೆಯ ಗಡಿಗೆ

ಹೊಳೆಯ ನಡುವೆ ಒಂದು ನಡುಗಡ್ಡೆ, ನಡುಗಡ್ಡೆಯ ಮೇಲೆ ಒಂದು ಆಶ್ರಮ. ಆಶ್ರಮ ಎಂದ ಕೂಡಲೇ ದೊಡ್ಡದೇನನ್ನೋ ಕಲ್ಪಿಸಿಕೊಳ್ಳಬೇಡಿ. ಮೂರು ಕೋಣೆ, ಒಂದು ಒಲೆ, ನಾಲ್ಕು ಎಕರೆ ತೊಗರಿ ಹೊಲ, ಉಣ್ಣಲು ಹನ್ನೊಂದು ಜನ.

ಅಲ್ಲಿ ಒಂದು ವ್ರತವಿತ್ತು. ಯಾರೂ ಕೈಯಾರೆ ಒಂದು ಜೀವವನ್ನೂ ಕೊಲ್ಲುವಂತಿಲ್ಲ. ಬೆಳೆ ತಿನ್ನುವ ಹುಳವನ್ನೂ ಕೊಲ್ಲುವಂತಿಲ್ಲ.

ತೊಗರಿ ಬೆಳೆದವರಿಗೆ ಇದನ್ನು ಹೇಳಿ ನೋಡಿ, ನಕ್ಕಾರು. ತೊಗರಿ ಹೂ ಬಿಟ್ಟಿತೆಂದರೆ ಕೀಡಿ ಬಿದ್ದಿತೆಂದೇ ಅರ್ಥ. ಹಸಿರು ಹುಳ, ಕಾಯಿಯೊಳಗೆ ತಲೆ ತೂರಿಸಿ ಕಾಳು ತಿಂದು, ನಮಗೆ ಸಿಪ್ಪೆ ಬಿಟ್ಟು ಹೋಗುತ್ತದೆ. ಸುತ್ತ ಹತ್ತೂರಿನವರು ಅದಕ್ಕೆ ಎಣ್ಣೆ ಹೊಡೆಯುತ್ತಾರೆ. ಎಣ್ಣೆ ಎಂದರೆ ವಿಷ. ಆ ಸೀಮೆಯ ರೈತರು ವಿಷಕ್ಕೆ ಇಟ್ಟಿರುವ ಮುದ್ದಿನ ಹೆಸರು ಅದು.

ಆಶ್ರಮದಲ್ಲಿ ಎಣ್ಣೆ ಇರಲಿಲ್ಲ. ಕಡಜ ಇತ್ತು.

ಸೂರಿನಲ್ಲಿ ಗೂಡು ಕಟ್ಟಿ ಮುಖ ಊದಿಸುವ ಕಡಜವಲ್ಲ. ಅದರ ಬಡ ನೆಂಟ ಅನ್ನಿ. ಇರುವೆಗೆ ರೆಕ್ಕೆ ಹಚ್ಚಿದಷ್ಟು ಗಾತ್ರ. ಹೆಣ್ಣು ಕಡಜ ತನ್ನ ಬಾಲದ ಸೂಜಿಯನ್ನು ಕೀಡಿಯ ಮೈಗೆ ಚುಚ್ಚಿ ಒಳಗೆ ಒಂದು ತತ್ತಿ ಇಡುತ್ತದೆ. ಮರಿ ಕೀಡಿಯನ್ನು ಒಳಗಿನಿಂದಲೇ ತಿಂದು, ಹೊರಗೆ ಬಂದು ಬಿಳಿ ಗೂಡು ನೇಯ್ದುಕೊಂಡು ಮಲಗುತ್ತದೆ. ಕೆಲವೇ ದಿನಗಳಲ್ಲಿ ಗೂಡಿಗೆ ತೂತು ಮಾಡಿಕೊಂಡು ಹೊಸ ಕಡಜ ಹಾರುತ್ತದೆ.

ಕೊಲ್ಲುವುದು ಕಡಜ, ಉಣ್ಣುವುದು ಆಶ್ರಮ. ಇದರಲ್ಲಿ ಏನೋ ಜಾಣತನ ಇದೆಯಲ್ಲ ಎಂದು ನಿಮಗೆ ಅನ್ನಿಸಿದರೆ, ಅಡಿವೆಪ್ಪನಿಗೂ ಮೊದಲ ವರ್ಷ ಹಾಗೇ ಅನ್ನಿಸಿತ್ತು.

ಅಡಿವೆಪ್ಪ ಕಡಜ ಸಾಕುವ ಶಿಷ್ಯ. ಗುರುಗಳು ಬೂದಯ್ಯಜ್ಜ. ಪೂರ್ವಾಶ್ರಮದಲ್ಲಿ ಅಜ್ಜ ಯಾವುದೋ ಕಾಲೇಜಿನಲ್ಲಿ ಹುಳಗಳ ಪಾಠ ಹೇಳುತ್ತಿದ್ದರು ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಕೇಳಿದರೆ ಅಜ್ಜ ನಗುತ್ತಿದ್ದರು.

“ಅಜ್ಜಾರ,” ಎಂದು ಅಡಿವೆಪ್ಪ ಆ ಮೊದಲ ವರ್ಷ ಕೇಳಿದ್ದ, “ನಾವು ಕೊಲ್ಲೂದಿಲ್ಲ, ಹುಳದ ಕಡಿಂದ ಕೊಲ್ಲಸ್ತೀವಿ. ಇದು ವ್ರತ ಹೆಂಗ ಆಗತೈತ್ರಿ?”

“ಚಲೋ ಪ್ರಶ್ನಿ,” ಎಂದರು ಅಜ್ಜ. “ಮರೀಬ್ಯಾಡ.”

ಅಡಿವೆಪ್ಪ ಮರೆತ. ಕೆಲಸ ಕೈಗೆ ಹತ್ತಿದ ಮೇಲೆ ಪ್ರಶ್ನೆಗಳು ಯಾರಿಗೆ ನೆನಪಿರುತ್ತವೆ?

ಕೆಲಸವೂ ಅಂಥದ್ದೇ. ಬೇಸಿಗೆಯಲ್ಲಿ ಹೊಲ ಬರಿದಾದಾಗ ಕಡಜಗಳಿಗೆ ಗಡಿಗೆಯೇ ಗತಿ. ಹನ್ನೆರಡು ಮಣ್ಣಿನ ಗಡಿಗೆ, ಬಾಯಿಗೆ ತೆಳ್ಳನೆಯ ಬಟ್ಟೆ, ಒಳಗೆ ಹಿತ್ತಲ ಬೆಂಡೆಯ ಕೀಡಿ, ಹತ್ತಿಯ ತುಣುಕಿನಲ್ಲಿ ಅದ್ದಿಟ್ಟ ಜೇನು. ತೊಗರಿ ಹೂ ಬಿಡುವ ಹೊತ್ತಿಗೆ ಗಡಿಗೆಗಳನ್ನು ಹೊಲಕ್ಕೆ ಒಯ್ದು ಬಟ್ಟೆ ಬಿಚ್ಚಬೇಕು. ಫಸಲು ಮುಗಿಯುವ ಮೊದಲು ಬಿಳಿ ಗೂಡುಗಳನ್ನು ಆರಿಸಿ ತಂದು ಮತ್ತೆ ಗಡಿಗೆ ತುಂಬಿಸಬೇಕು.

ಇದರ ಜೊತೆಗೆ ಒಂದು ಪದ್ಧತಿ ಇತ್ತು. ವರ್ಷಕ್ಕೊಮ್ಮೆ ಸೀಗೆ ಹುಣ್ಣಿಮೆಯ ದಿನ ಆಚೆ ದಂಡೆಯಿಂದ ನೀಲಗಂಗವ್ವ ಹರಿಗೋಲಿನಲ್ಲಿ ಬರುತ್ತಿದ್ದಳು. ಬರುವಾಗ ತನ್ನ ಹೊಲದ ಕಡಜದ ಗಡಿಗೆಯೊಂದನ್ನು ತರುತ್ತಿದ್ದಳು. ಹೋಗುವಾಗ ಆಶ್ರಮದ್ದೊಂದನ್ನು ಒಯ್ಯುತ್ತಿದ್ದಳು. ಬಂದ ಗಡಿಗೆಯನ್ನು ತೆರೆದು ನೋಡಿ ಆರಿಸುವಂತಿಲ್ಲ. ಏನು ಬಂತೋ ಅದನ್ನು ಹೊಲದ ನಡುವೆ ಬಿಟ್ಟುಬಿಡಬೇಕು.

ನೀಲಗಂಗವ್ವ ಅಜ್ಜನ ಮೊದಲ ಶಿಷ್ಯೆ. ತಾಯಿ ಹಾಸಿಗೆ ಹಿಡಿದಾಗ ಊರಿಗೆ ಹೋದವಳು ಅಲ್ಲೇ ಹೊಲ ಹಿಡಿದು ನಿಂತಳು. ಆ ಸುತ್ತಿನಲ್ಲಿ ಎಣ್ಣೆ ಕಾಣದ ಹೊಲ ಎರಡೇ, ಆಶ್ರಮದ್ದೊಂದು, ಅವಳದೊಂದು. ಉಳಿದ ಹೊಲಗಳಲ್ಲಿ ಈ ಕಡಜ ಸತ್ತು ಇಪ್ಪತ್ತು ವರ್ಷವಾಗಿತ್ತು.

ಆರನೆಯ ವರ್ಷ ಅಡಿವೆಪ್ಪನ ಒಂದು ಗಡಿಗೆಯಲ್ಲಿ ಒಂದು ಹೆಣ್ಣು ಕಡಜ ಹುಟ್ಟಿತು. ಕಪ್ಪು ಮಿಂಚುವ ಮೈ, ಉಳಿದವಕ್ಕಿಂತ ಒಂದು ಕೂದಲೆಳೆಯಷ್ಟು ಉದ್ದ. ಉಳಿದವು ಒಂದು ಕೀಡಿ ಹುಡುಕುವಷ್ಟರಲ್ಲಿ ಅದು ಮೂರು ಚುಚ್ಚಿ ಮುಗಿಸುತ್ತಿತ್ತು. ಅಡಿವೆಪ್ಪ ಅದಕ್ಕೆ ಮರುಳಾದ. ಊಟಕ್ಕೆ ಕರೆದರೂ ಗಡಿಗೆ ಬಿಟ್ಟು ಏಳುತ್ತಿರಲಿಲ್ಲ.

ಆ ಒಂದರ ಸಂತಾನವನ್ನೇ ಆರಿಸಿ ಆರಿಸಿ, ಮುಂದಿನ ಬೇಸಿಗೆಯ ಹೊತ್ತಿಗೆ ಹನ್ನೆರಡೂ ಗಡಿಗೆಗಳಲ್ಲಿ ಅದನ್ನೇ ತುಂಬಿದ. ಹಳೆಯ ಹುಳಗಳನ್ನು ಬಿಸಿಲಿಗೆ ಬಿಟ್ಟ. ಕೊಲ್ಲಲಿಲ್ಲ ಮಹಾರಾಯ, ಬರಿ ಬಿಟ್ಟ. ಬರಿದಾದ ಹೊಲದಲ್ಲಿ ಅವು ಎಷ್ಟು ದಿನ ಬದುಕಿಯಾವು ಎಂದು ಯೋಚಿಸಲು ಹೋಗಲಿಲ್ಲ.

ಆ ವರ್ಷ ಹೊಲದ ತುಂಬ ಕಪ್ಪು ಕಡಜ ಹಾರಿತು. ಕಾಯಿ ಗೊಂಚಲು ಗೊಂಚಲಾಗಿ ತೂಗಿದವು. ಆಶ್ರಮದವರೆಲ್ಲ ಅಡಿವೆಪ್ಪನ ಕೈಗುಣ ಹೊಗಳಿದರು. ಹೊಗಳಿಸಿಕೊಂಡವನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ಸೀಗೆ ಹುಣ್ಣಿಮೆಯ ದಿನ ಹರಿಗೋಲು ಬಂದು ದಡ ಮುಟ್ಟಿತು. ಅಡಿವೆಪ್ಪ ಮೊದಲೇ ಹೋಗಿ ನೀರಿನ ಅಂಚಿನಲ್ಲಿ ನಿಂತಿದ್ದ.

“ಅಕ್ಕಾ, ಈ ಸಲ ಬ್ಯಾಡ.”

“ಏನು ಬ್ಯಾಡ?” ನೀಲಗಂಗವ್ವ ಗಡಿಗೆ ಎದೆಗವಚಿಕೊಂಡೇ ಕೇಳಿದಳು.

“ನಿಮ್ಮ ಗಡಿಗಿ. ನಿಮ್ಮ ಹುಳ ಸಣ್ಣೂವು, ಕಾಲು ಕೆಂಪ. ನಮ್ಮೂವು ಈಗ ಎಲ್ಲಾ ಒಂದ ತಳಿ ಆಗ್ಯಾವ. ನಿಮ್ಮೂವು ಕೂಡಿದ್ರ ಕೆಡತಾವ.”

ನೀಲಗಂಗವ್ವ ಅವನ ಮುಖ ನೋಡಿದಳು. “ಅಜ್ಜಾರನ್ನ ಕೇಳೀಯೇನು?”

“ಗಡಿಗಿ ನನ್ನ ಕೆಲಸ, ಅಕ್ಕಾ.”

“ಆತು. ನಂದು ಬ್ಯಾಡಾದ್ರ ಬಿಡು. ನಿಂದೊಂದು ಕೊಡು, ಒಯ್ತೀನಿ.”

ಅಡಿವೆಪ್ಪ ಹಿಂದೆ ಮುಂದೆ ನೋಡಿದ. ಅಷ್ಟು ಚೆಂದದ ತಳಿ ಆಚೆ ದಂಡೆಗೆ ಹೋಗಿ ಕೆಂಪು ಕಾಲಿನ ಹುಳಗಳ ಜೊತೆ ಕಲಬೆರಕೆಯಾಗುವುದನ್ನು ನೆನೆದೇ ಅವನಿಗೆ ಹೊಟ್ಟೆ ಉರಿಯಿತು.

“ಈ ವರ್ಷ ಕೊಡಾಕ ಆಗೂದಿಲ್ಲಕ್ಕಾ.”

ನೀಲಗಂಗವ್ವ ಇಳಿಯಲೆಂದು ಮೇಲೆತ್ತಿದ್ದ ಸೀರೆಯ ನೆರಿಗೆ ಬಿಟ್ಟು ಹರಿಗೋಲಿನಲ್ಲೇ ಕೂತಳು. ಹುಟ್ಟು ಹಾಕುವವನು ಹರಿಗೋಲು ತಿರುಗಿಸಿದ.

ಅಡಿವೆಪ್ಪ ಹಿಂತಿರುಗಿ ನೋಡಿದರೆ ಬೇವಿನ ಮರದ ಕೆಳಗೆ ಬೂದಯ್ಯಜ್ಜ ನಿಂತಿದ್ದರು. ಎಲ್ಲ ಕೇಳಿಸುವಷ್ಟು ಹತ್ತಿರವೇ ನಿಂತಿದ್ದರು. ಅಜ್ಜ ಏನೂ ಅನ್ನಲಿಲ್ಲ. ಕೋಲೂರಿಕೊಂಡು ಒಳಗೆ ಹೋದರು.

ಸುಮ್ಮನಿದ್ದರೆ ಒಪ್ಪಿದಂತೆ ಎಂದು ಅಡಿವೆಪ್ಪ ತಿಳಿದ. ನಮಗೆ ಬೇಕಾದಂತೆ ತಿಳಿಯುವುದರಲ್ಲಿ ನಾವೆಲ್ಲ ಪಂಡಿತರೇ.

ಮರುವರ್ಷ ನೀಲಗಂಗವ್ವ ಬರಲಿಲ್ಲ. ಅದರ ಮರುವರ್ಷವೂ ಬರಲಿಲ್ಲ. ಸೀಗೆ ಹುಣ್ಣಿಮೆಯ ದಿನ ಆಚೆ ದಂಡೆಯಲ್ಲಿ ಯಾರೋ ಹೆಂಗಸು ನಿಂತದ್ದು ಕಾಣುತ್ತಿತ್ತು. ಕೈ ಎತ್ತಿದಂತೆಯೂ ಕಾಣುತ್ತಿತ್ತು. ಹೊಳೆಗೆ ಪೂಜೆ ಮಾಡಲು ಬಂದಿರಬೇಕು ಎಂದುಕೊಂಡು ಅಡಿವೆಪ್ಪ ತನ್ನ ಗಡಿಗೆಗಳ ಕಡೆ ತಿರುಗುತ್ತಿದ್ದ.

ಹೊಲದಲ್ಲಿ ಕಡಜ ಹಾರುತ್ತಲೇ ಇದ್ದವು. ಆದರೆ ಮೊದಲ ವರ್ಷ ಅಲ್ಲೊಂದು ಇಲ್ಲೊಂದು ಕಾಯಿ ತೂತಾಯಿತು. ಎರಡನೆಯ ವರ್ಷ ಸಾಲಿಗೆ ಸಾಲೇ ತೂತಾಯಿತು. ಮೂರನೆಯ ವರ್ಷ ಸೀಗೆ ಹುಣ್ಣಿಮೆ ಕಳೆದು ವಾರವಾಗಿರಲಿಲ್ಲ, ಕೀಡಿ ಹೂವನ್ನೇ ತಿನ್ನತೊಡಗಿತು. ಹೊಲಕ್ಕೆ ಬಿಡಲು ಸಾಕಿದ್ದ ಗಡಿಗೆಗಳೊಳಗೆ ಕಡಜ ಅರ್ಧಕ್ಕಿಳಿದಿತ್ತು.

ಊಟದ ಪಂಕ್ತಿಯಲ್ಲಿ ಯಾರೋ ಮೆಲ್ಲಗೆ ಅಂದರು, “ಒಮ್ಮಿ ಎಣ್ಣಿ ಹೊಡದ್ರ ಏನಾದೀತು?”

ಅಡಿವೆಪ್ಪ ಅರ್ಧ ಊಟಕ್ಕೇ ಎದ್ದ. ಒಂದು ಕಡೆ ವ್ರತ, ಇನ್ನೊಂದು ಕಡೆ ಹನ್ನೊಂದು ಜನರ ವರ್ಷದ ಅನ್ನ. ಎರಡನ್ನೂ ಹೊತ್ತಿದ್ದದ್ದು ಅವನ ಗಡಿಗೆಗಳು. ಕೈ ತೊಳೆದವನೇ ಒಂದು ಗಡಿಗೆ ಎತ್ತಿಕೊಂಡು ಅಜ್ಜನ ಬಳಿ ಹೋದ.

“ಅಜ್ಜಾರ, ಹುಳ ಕಡಿಮಿ ಆಗ್ಯಾವ. ಇದ್ದೂವೂ ಕೆಲಸ ಮಾಡವಲ್ವು.”

“ಸೂಜಿ ಎಷ್ಟಕ್ಕ ಅದಾವ?”

“ನೋಡಿಲ್ರಿ.”

“ನೋಡು.”

ಹೆಣ್ಣಿಗೆ ಮಾತ್ರ ಬಾಲದಲ್ಲಿ ಸೂಜಿ. ಅಡಿವೆಪ್ಪ ಅಂಗಳದ ಬಿಸಿಲಲ್ಲಿ ಕೂತು, ಬಟ್ಟೆಯ ಮೇಲೆ ಕೂತ ಒಂದೊಂದೇ ಹುಳವನ್ನು ನೋಡಿದ. ಮೊದಲ ಗಡಿಗೆಯಲ್ಲಿ ಮೂವತ್ತು ಹುಳ, ಸೂಜಿ ಎರಡಕ್ಕೆ. ಎರಡನೆಯದರಲ್ಲಿ ಒಂದಕ್ಕೂ ಇಲ್ಲ. ಸಂಜೆಯ ಹೊತ್ತಿಗೆ ಹನ್ನೆರಡು ಗಡಿಗೆಯಲ್ಲಿ ಒಟ್ಟು ಸಿಕ್ಕ ಸೂಜಿ ನಾಲ್ಕು.

ಇಷ್ಟು ವರ್ಷ ಅವನು ಗಡಿಗೆ ತುಂಬಿದೆಯೋ ಇಲ್ಲವೋ ನೋಡಿದ್ದ. ಒಳಗಿರುವುದು ಯಾರು ಎಂದು ನೋಡಿರಲಿಲ್ಲ.

“ಎಲ್ಲಾ ಗಂಡ ಅದಾವ್ರಿ,” ಎಂದ. “ಯಾಕ ಹಿಂಗಾತ್ರಿ?”

ಅಜ್ಜ ಎದ್ದು ಅಡುಗೆಮನೆಗೆ ಹೋದರು. ಒಂದು ತಾಮ್ರದ ತಂಬಿಗೆ ತಂದು ಅವನ ಮುಂದಿಟ್ಟರು. ಒಳಗೆ ತೊಗರಿ, ಹೆಸರು, ಹುರುಳಿ, ಕಡಲೆ, ಅಲಸಂದಿ, ಅವರೆ, ಮಡಿಕೆ, ಬಟಾಣಿ, ಉದ್ದು, ಒಂಬತ್ತು ಬಗೆಯ ಕಾಳು ಒಂದೊಂದು ಹಿಡಿ.

“ಕಣ್ಣ ಮುಚ್ಚು. ಎರಡ ಕಾಳು ತಗಿ. ಹುಟ್ಟೂ ಹುಳ ಹೆಣ್ಣೋ ಗಂಡೋ ಅಂತ ಹೇಳೂ ಕಾಳು ಇವು, ಒಂದು ತಾಯಿದು, ಒಂದು ತಂದಿದು.”

ಅಡಿವೆಪ್ಪ ತೆಗೆದ. ಒಂದು ಹೆಸರು, ಒಂದು ಕಡಲೆ.

“ಎರಡೂ ಬ್ಯಾರೆ ಬ್ಯಾರೆ. ಹೆಣ್ಣು. ಮತ್ತ ತಗಿ.”

ಹತ್ತು ಸಲ ತೆಗೆಸಿದರು. ಒಂಬತ್ತು ಸಲ ಬೇರೆ ಬೇರೆ ಕಾಳು ಬಂದವು. ಒಂದು ಸಲ ಎರಡೂ ಹುರುಳಿ.

“ಎರಡೂ ಒಂದ ಆದ್ರ ಏನ್ರಿ?”

“ಹೆಣ್ಣಾಗಬೇಕಾದ್ದು ಗಂಡಾಗತೈತಿ. ನೋಡಾಕ ಗಂಡು. ಅದರಿಂದ ಮಕ್ಕಳಾಗೂದಿಲ್ಲ.”

“ಮತ್ತ ಖರೇ ಗಂಡು?”

“ಅದಕ್ಕ ಒಂದ ಕಾಳು. ಹೆಣ್ಣು ತಂದಿ ಇಲ್ಲದ ತತ್ತಿ ಇಟ್ರ ಅದು ಖರೇ ಗಂಡಾಗತೈತಿ. ಈ ಹುಳದ ರೀತೀನ ಹಂಗ.”

ಆಮೇಲೆ ಅಜ್ಜ ತಂಬಿಗೆಯನ್ನು ಬಟ್ಟೆಯ ಮೇಲೆ ಸುರಿದರು. ಒಂದೊಂದೇ ಬಗೆಯನ್ನು ಬೆರಳಿನಿಂದ ಆಚೆ ಸರಿಸತೊಡಗಿದರು.

“ಇವು ನೀನು ಬಿಸಲಿಗೆ ಬಿಟ್ಟೂವು.”

ನಾಲ್ಕು ಬಗೆ ಆಚೆ ಹೋದವು.

“ಇವು ಹರಗೋಲದಾಗ ಬಂದು ತಿರುಗಿ ಹ್ವಾದೂವು.”

ಇನ್ನೂ ಮೂರು ಹೋದವು. ಹುರುಳಿ, ತೊಗರಿ ಎರಡೇ ಉಳಿದವು. ಅಜ್ಜ ಅವನ್ನು ತಂಬಿಗೆಗೆ ತುಂಬಿ ಕುಲುಕಿದರು.

“ಇದು ನಿನ್ನ ಕಪ್ಪಂದು. ಈಗ ತಗಿ.”

ಅಡಿವೆಪ್ಪ ಕಣ್ಣು ಮುಚ್ಚಿ ತೆಗೆದ. ಎರಡು ತೊಗರಿ. ಮತ್ತೆ ತೆಗೆದ. ಒಂದು ಹುರುಳಿ, ಒಂದು ತೊಗರಿ. ಮತ್ತೆ, ಎರಡು ಹುರುಳಿ. ಹತ್ತರಲ್ಲಿ ಐದು ಸಲ ಒಂದೇ ಕಾಳು ಬಂತು. ಹನ್ನೊಂದನೆಯ ಸಲಕ್ಕೆ ಅವನ ಕೈ ತಂಬಿಗೆಯ ಬಾಯಲ್ಲೇ ನಿಂತಿತು.

“ಅಂಥಾ ಗಂಡಿನ ಕೂಡಿದ ಹೆಣ್ಣು?” ಎಂದು ಕೇಳಿದ.

“ಬರೇ ಗಂಡ ಹಡೀತೈತಿ. ಹೆಣ್ಣು ಇನ್ನಷ್ಟು ಕಡಿಮಿ ಆಗತಾವ. ಹುಳ ಕಡಿಮಿ ಆದಂಗ ಇಂಥಾ ಕಾಳೂ ಕಡಿಮಿ. ಕಾಳು ಕಡಿಮಿ ಆದಂಗ ಹುಳ ಕಡಿಮಿ.”

ಅಜ್ಜ ಆಚೆ ಸರಿಸಿದ್ದ ಏಳು ಬಗೆಯ ಕಾಳುಗಳನ್ನು ಅಡಿವೆಪ್ಪ ನೋಡುತ್ತ ಕೂತ. ಅಷ್ಟು ಹೊತ್ತೂ ಅವನ ಕಣ್ಣ ಮುಂದಿದ್ದದ್ದು ಕಾಳಲ್ಲ, ಹರಿಗೋಲಿನಲ್ಲಿ ಗಡಿಗೆ ಎದೆಗವಚಿಕೊಂಡು ಕೂತ ನೀಲಗಂಗವ್ವ.

“ಏನ್ ಮಾಡ್ಲಿ, ಅಜ್ಜಾರ?”

ಅಜ್ಜ ಒಂದು ಖಾಲಿ ಗಡಿಗೆಯನ್ನು ತೊಳೆದು, ಒರೆಸಿ, ಅವನ ಕೈಗೆ ಕೊಟ್ಟರು.

ಮರುದಿನ ಬೆಳಗ್ಗೆ ಅಡಿವೆಪ್ಪ ಹೊಳೆ ದಾಟಿದ. ಒಂಬತ್ತು ಹತ್ತು ವರ್ಷದಲ್ಲಿ ಅವನು ಆ ದಂಡೆಗೆ ಕಾಲಿಟ್ಟದ್ದು ಅದೇ ಮೊದಲು. ಬರುವವಳು ಅವಳೇ ಆಗಿದ್ದರಿಂದ ಹೋಗುವ ಅಗತ್ಯ ಅವನಿಗೆ ಬಿದ್ದಿರಲಿಲ್ಲ.

ನೀಲಗಂಗವ್ವ ಕಟ್ಟೆಯ ಮೇಲೆ ಕೂತು ಅಲಸಂದಿ ಕಾಯಿ ಸುಲಿಯುತ್ತಿದ್ದಳು. ಮೊರದ ತುಂಬ ಸಿಪ್ಪೆ, ಕಾಳು ಬೊಗಸೆಯಷ್ಟು. ಅವನ ಕೈಯಲ್ಲಿದ್ದ ಗಡಿಗೆ ನೋಡಿದಳು. ಒಳಗೆ ಹೋಗಿ ಒಂದು ಚರಿಗೆ ನೀರು, ಒಂದು ತುಂಡು ಬೆಲ್ಲ ತಂದಿಟ್ಟಳು.

“ಕುಡಿ ಮದಲ.”

ಅವನು ಕುಡಿಯಲಿಲ್ಲ. “ಅಕ್ಕಾ, ತಪ್ಪಾತು. ಒಂದ ಗಡಿಗಿ ಹುಳ ಕೊಡ್ರಿ. ಸಣ್ಣೂವು ಇರಲಿ, ಕೆಂಪ ಕಾಲಿನೂವು ಇರಲಿ. ಹೆಂಗಿದ್ರೂ ಇರಲಿ.”

ನೀಲಗಂಗವ್ವ ಎದ್ದು ಗೋಡೆಯ ಗೂಡಿನಿಂದ ಒಂದು ಗಡಿಗೆ ಇಳಿಸಿದಳು. ಬಟ್ಟೆ ಬಿಚ್ಚಿ ಅವನ ಮುಂದೆ ಓರೆ ಮಾಡಿದಳು. ತಳದಲ್ಲಿ ಒಂದಷ್ಟು ಬಿಳಿ ಗೂಡುಗಳಿದ್ದವು. ಎಲ್ಲಕ್ಕೂ ದುಂಡನೆಯ ತೂತು. ಎಲ್ಲವೂ ಖಾಲಿ.

“ಹ್ವಾದ ಚಳಿಗಾಲದಾಗ ಕಡೀದು ಹೋತು.”

ಅಡಿವೆಪ್ಪ ಗಡಿಗೆಯೊಳಗೆ ನೋಡುತ್ತಲೇ ಇದ್ದ.

“ನಂದು ಒಂದ ಹೊಲ,” ಎಂದಳು ಅವಳು. “ಒಂದ ಹೊಲದಾಗಿನ ಹುಳ ತಮ್ಮ ತಮ್ಮೊಳಗ ಎಷ್ಟು ದಿನ ಬಾಳ್ಯಾವು? ನನ್ನೂವು ನಿನಗ ಬೇಕಾಗಿದ್ದುವು. ನಿನ್ನೂವು ನನಗ ಬೇಕಾಗಿದ್ದುವು. ಅಜ್ಜಾರು ಸುಮ್ನ ಆ ಪದ್ಧತಿ ಇಟ್ಟಿದ್ರೇನು?”

“ಹೇಳಿ ಕಳಸಬೇಕಿತ್ತು, ಅಕ್ಕಾ.”

“ಎರಡ ಹುಣ್ಣಿವಿಗೆ ಗಡಿಗಿ ಹಿಡಕೊಂಡು ದಂಡಿಗೆ ನಿಂತೆ. ಕೈ ಬೀಸಿದೆ. ಈ ಹುಣ್ಣಿವಿಗೆ ಹುಳ ಇರಲಿಲ್ಲ. ಸುಮ್ನ ಬಂದು ನಿಂತೆ.”

“ನೋಡಿದ್ನಿ,” ಎಂದ ಅಡಿವೆಪ್ಪ. ಹೇಳದೆ ಇದ್ದುಬಿಡಬಹುದಿತ್ತು. ಹೇಳಿದ. “ಹೊಳಿ ಪೂಜಿಗೆ ಬಂದೀರಿ ಅನಕೊಂಡೆ.”

ನೀಲಗಂಗವ್ವ ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ.

“ನಂದೂ ತಪ್ಪೈತಿ,” ಎಂದಳು. “ಹರಗೋಲ ಇತ್ತು. ದಾಟಿ ಬಂದು ಅಜ್ಜಾರ ಮುಂದ ಗಡಿಗಿ ಇಟ್ಟು ಕೂಡಬೇಕಿತ್ತು. ಒಮ್ಮಿ ಬ್ಯಾಡ ಅಂದ ಮನಿಗೆ ಕರೀದ ಹೆಂಗ ಹೋಗೂದು ಅಂತ ಅಭಿಮಾನ ಹಿಡಕೊಂಡು ನಿಂತೆ. ನೀರು ಕುಡಿ, ಅಡಿವೆಪ್ಪ. ಬಿಸಲಾಗ ಬಂದೀ.”

ಅವನು ಕುಡಿದ. ಖಾಲಿ ಗಡಿಗೆಯನ್ನು ಖಾಲಿಯಾಗೇ ವಾಪಸು ತಂದ.

ಆದರೂ ಮನುಷ್ಯನ ಆಸೆ ನೋಡಿ. ಸೂಜಿಯಿದ್ದ ನಾಲ್ಕು ಹುಳ ಇನ್ನೂ ಇದ್ದವಲ್ಲ! ಅಡಿವೆಪ್ಪ ಅವನ್ನು ನಾಲ್ಕು ಗಡಿಗೆಗಳಲ್ಲಿ ಬೇರೆ ಬೇರೆ ಇಟ್ಟ. ಎಳೆಯ ಕೀಡಿಗಳನ್ನು ಆರಿಸಿ ಆರಿಸಿ ಹಾಕಿದ. ಜೇನು ದಿನಕ್ಕೆರಡು ಸಲ ಬದಲಿಸಿದ. ನಾಲ್ಕೂ ಕೀಡಿಗಳನ್ನು ಚುಚ್ಚಿದವು. ಬಿಳಿ ಗೂಡುಗಳಾದವು. ನಾಲ್ಕು ಗಡಿಗೆಗೂ ಸೇರಿ ಐವತ್ತೇಳು ಗೂಡು. ಒಂದೇ ಒಂದು ಹೆಣ್ಣಾದರೂ ಸಾಕು, ಒಂದೇ ಒಂದು, ಎಂದು ಅವನು ಗೂಡುಗಳ ಮುಂದೆ ಕೂತು ಬೇಡಿಕೊಂಡ. ಯಾರನ್ನು ಬೇಡಿದನೋ ಅವನಿಗೇ ಗೊತ್ತಿಲ್ಲ.

ಚುಚ್ಚಿದ ನಾಲ್ಕೂ ಸತ್ತ ಮೇಲೆ, ಇಪ್ಪತ್ತು ದಿನಕ್ಕೆ ಹೊಸ ಕಡಜಗಳು ಹೊರಬಂದವು. ಕಪ್ಪು ಮಿಂಚುವ ಮೈ, ಚುರುಕಾದ ರೆಕ್ಕೆ. ಎಷ್ಟು ಚೆಂದದ ಹುಳಗಳು!

ಸೂಜಿ ಒಂದಕ್ಕೂ ಇರಲಿಲ್ಲ.

ಅಡಿವೆಪ್ಪ ಗಡಿಗೆಗಳ ಬಟ್ಟೆ ಬಿಚ್ಚಿದ. ಅವು ಒಂದಷ್ಟು ಹೊತ್ತು ಅಂಚಿನ ಮೇಲೆ ಓಡಾಡಿ ಹಾರಿಹೋದವು. ಹಾರಿದ ದಿಕ್ಕಿನಲ್ಲಿ ಅವಕ್ಕಾಗಿ ಒಂದು ಹೆಣ್ಣೂ ಇರಲಿಲ್ಲ. ಆ ಹೊಳೆಯ ಎರಡೂ ದಂಡೆಯಲ್ಲಿ ಎಲ್ಲಿಯೂ ಇರಲಿಲ್ಲ. ಅವನು ಗೋಡೆಗೆ ಮುಖ ಮಾಡಿ ಕೂತು ಅತ್ತ.

ಅಳು ನಿಂತ ಮೇಲೆ ಎದ್ದು ಅಜ್ಜನನ್ನು ಹುಡುಕಿದ. ಅಜ್ಜ ಕೋಣೆಯಲ್ಲಿರಲಿಲ್ಲ, ಬೇವಿನ ಮರದ ಕೆಳಗೂ ಇರಲಿಲ್ಲ.

ಅಜ್ಜ ಹೊಲದಲ್ಲಿದ್ದರು. ಎಂಬತ್ತು ದಾಟಿದ ಜೀವ, ಕೋಲನ್ನು ನೆಲದ ಮೇಲೆ ಮಲಗಿಸಿ, ತೊಗರಿಯ ಟೊಂಗೆಯೊಂದನ್ನು ಮುಖದ ಹತ್ತಿರ ಬಗ್ಗಿಸಿಕೊಂಡು ನಿಂತಿದ್ದರು. ಕಾಯಿಯಿಂದ ಏನನ್ನೋ ಬಿಡಿಸಿ ಎರಡು ಬೆರಳ ನಡುವೆ ಹಿಡಿದು ಒತ್ತಿದರು. ಅಡಿವೆಪ್ಪ ಹತ್ತಿರ ಹೋದ. ಅಜ್ಜನ ಹೆಬ್ಬೆರಳು ಹಸಿರಾಗಿತ್ತು.

“ಅಜ್ಜಾರ! ವ್ರತ...”

“ಮದಲನೇ ವರ್ಷ ಒಂದು ಪ್ರಶ್ನಿ ಕೇಳಿದ್ದಿಯಲ್ಲ. ನೆನಪೈತೇನು?”

ಅಡಿವೆಪ್ಪನಿಗೆ ನೆನಪಾಯಿತು. ಅಷ್ಟು ವರ್ಷದ ಮೇಲೆ, ಒಂದೇ ಸಲಕ್ಕೆ ಪೂರ್ತಿ ನೆನಪಾಯಿತು.

“ಮೂವತ್ತು ವರ್ಷ ನಮ್ಮ ಪಾಲಿನ ಕೊಲಿ ಅವು ಮಾಡಿದ್ವು,” ಎಂದರು ಅಜ್ಜ. “ಈಗ ಅವು ಇಲ್ಲ. ಹನ್ನೊಂದು ಮಂದಿ ಉಣ್ಣಬೇಕು.”

ಇನ್ನೊಂದು ಕೀಡಿ ಸಿಕ್ಕಿತು. ಅಜ್ಜ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ತುಸು ಹೊತ್ತು ನೋಡಿದರು. ಆಮೇಲೆ ಅದನ್ನೂ ಒತ್ತಿದರು.

ಅಡಿವೆಪ್ಪನಿಗೆ ತಡೆಯಲಾಗಲಿಲ್ಲ. ಗುರುವಿಗೆ ಹೀಗೆ ಕೇಳಬಾರದು ಎಂದು ಗೊತ್ತಿದ್ದೂ ಕೇಳಿದ.

“ಅವತ್ತ ನೀವು ಬೇವಿನ ಗಿಡದ ಕೆಳಗ ನಿಂತಿದ್ರಿ. ಅಕ್ಕನ ಗಡಿಗಿ ನಾ ತಿರುಗಿ ಕಳಿಸಿದ್ದು ನೋಡಿದ್ರಿ. ಹಿಂಗಾಗತೈತಿ ಅಂತ ನಿಮಗ ಗೊತ್ತಿತ್ತು. ಒಂದ ಮಾತು ಯಾಕ ಹೇಳಲಿಲ್ರಿ, ಅಜ್ಜಾರ?”

ಅಜ್ಜ ಟೊಂಗೆಯನ್ನು ಮೆಲ್ಲಗೆ ಬಿಟ್ಟರು. ಹಸಿರಾದ ಬೆರಳನ್ನು ಪಂಚೆಗೆ ಒರೆಸಿಕೊಳ್ಳಲಿಲ್ಲ. ಹೊಳೆಯ ಆಚೆ ದಂಡೆಯ ಕಡೆ ಒಮ್ಮೆ ನೋಡಿ, ಶಿಷ್ಯನ ಕಡೆ ತಿರುಗಿದರು.

“ನಿನ್ನ ಗಡಿಗಿ ತುಂಬಿದ್ದು ನೋಡಿ ನನಗೂ ಹಿಗ್ಗಾಗಿತ್ತೋ, ತಮ್ಮಾ. ಬಾ. ಈ ಸಾಲು ನಂದು, ಆ ಸಾಲು ನಿಂದು.”